ವಯಸ್ಸು ತಿದ್ದಿ ಯುದ್ಧಭೂಮಿಗೆ ಹೊರಟವರು: ಬಂದೂಕು ಹಿಡಿಯಲಿಕ್ಕಲ್ಲ, ಗಾಯಾಳುಗಳನ್ನು ಹೊರಲಿಕ್ಕೆ

ನಮ್ಮೂರುಗಳಲ್ಲಿ ಐವತ್ತು ದಾಟಿದವರ ಆಧಾರ್ ಕಾರ್ಡ್ ಒಮ್ಮೆ ತೆಗೆದು ನೋಡಿ. ಎಷ್ಟೋ ಜನರ ಹುಟ್ಟಿದ ದಿನ ಜೂನ್ 1 ಎಂದೇ ಇರುತ್ತದೆ. ಅವರೆಲ್ಲ ಒಂದೇ ದಿನ ಹುಟ್ಟಿದವರೇನಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿಕೊಂಡ ದಿನ ಅದು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಕಿವಿ ಸಿಕ್ಕರೆ ವಯಸ್ಸು ತುಂಬಿದೆ ಎಂದರ್ಥ. ಆಮೇಲೆ ಒಂದು ವರ್ಷ ಲೆಕ್ಕ ಹಾಕಿ, ಜೂನ್ 1 ಎಂದು ಬರೆದುಬಿಡುತ್ತಿದ್ದರು. ನಮ್ಮ ಅಪ್ಪಂದಿರಿಗೂ ಅವ್ವಂದಿರಿಗೂ ಆಗಿದ್ದು ಹೀಗೆಯೇ.

ಕಾಗದದ ಮೇಲಿನ ವಯಸ್ಸೇ ಬೇರೆ, ಮೈಯ ವಯಸ್ಸೇ ಬೇರೆ ಅನ್ನುವುದು ನಮಗೆ ಹೊಸ ಮಾತಲ್ಲ. ಆದರೆ ಕಾಗದದ ಮೇಲೆ ಒಂದೇ ಒಂದು ಅಂಕಿ ತಿದ್ದಿ, ಸಮುದ್ರ ದಾಟಿ, ಯುದ್ಧ ನಡೆಯುವ ದೇಶಕ್ಕೆ ಹೊರಟ ಹುಡುಗರೂ ಇದ್ದರು. ಅವರು ಹೊರಟಿದ್ದು ಆಂಬುಲೆನ್ಸ್ ಓಡಿಸಲು, ಸೈನಿಕರಾಗಲು ಅಲ್ಲ. ಅವರಲ್ಲಿ ಇಬ್ಬರ ಕೆಲಸ ಇವತ್ತು ನಮ್ಮ ಮಕ್ಕಳ ಮೊಬೈಲಿನಲ್ಲೂ ಪೇಟೆಯ ಮಾಲ್‌ಗಳಲ್ಲೂ ಕಾಣುತ್ತದೆ. ಒಬ್ಬ ಮಿಕ್ಕಿ ಮೌಸ್‌ನ ವಾಲ್ಟ್ ಡಿಸ್ನಿ. ಇನ್ನೊಬ್ಬ ಮ್ಯಾಕ್‌ಡೊನಾಲ್ಡ್ಸ್ ಹೋಟೆಲನ್ನು ಊರೂರಿಗೆ ಹಬ್ಬಿಸಿದ ರೇ ಕ್ರಾಕ್.

ಈ ಸಲ ಅವರ ಕತೆ ಹೇಳುತ್ತೇವೆ. ಜೊತೆಗೆ 18ನೇ ವಯಸ್ಸಿನಲ್ಲಿ ಬೆಲ್ಜಿಯಂನ ಯುದ್ಧಭೂಮಿಗೆ ಹೋಗಿ ಸುಮಾರು ಮೂರೂವರೆ ವರ್ಷ ಅಲ್ಲೇ ನಿಂತ ಒಬ್ಬ ಹುಡುಗಿಯ ಕತೆಯನ್ನೂ ಹೇಳುತ್ತೇವೆ. ಅವಳ ಹೆಸರು ಕೇಳಿದವರು ಕಡಿಮೆ.

ಆಗ ನಡೆಯುತ್ತಿದ್ದದ್ದು ಯಾವ ಯುದ್ಧ?

ಮೊದಲ ಮಹಾಯುದ್ಧ. 1914ರ ಜುಲೈ ಕೊನೆಗೆ ಶುರುವಾಗಿ 1918ರ ನವೆಂಬರ್ 11ಕ್ಕೆ ನಿಂತಿತು. ಒಂದು ಕಡೆ ಜರ್ಮನಿ ಮತ್ತು ಅದರ ಜೊತೆಗಾರರು, ಇನ್ನೊಂದು ಕಡೆ ಬ್ರಿಟನ್, ಫ್ರಾನ್ಸ್, ರಷ್ಯಾ ಮತ್ತು ಅವರ ಜೊತೆಗಾರರು. ಅಮೆರಿಕ ಸೇರಿದ್ದು 1917ರ ಏಪ್ರಿಲ್‌ನಲ್ಲಿ.

ಇದು ದೂರದ ಯುದ್ಧ ಎಂದುಕೊಳ್ಳಬೇಡಿ. ಆಗ ನಾವು ಬ್ರಿಟಿಷರ ಕೈಕೆಳಗಿದ್ದೆವು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಹೊರದೇಶಗಳ ಯುದ್ಧಭೂಮಿಗೆ ಹೋದರು. ಮೈಸೂರು ಸಂಸ್ಥಾನದ ಕುದುರೆ ಪಡೆ, ಅಂದರೆ ಮೈಸೂರು ಲ್ಯಾನ್ಸರ್ಸ್, 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕಾಳಗದಲ್ಲಿತ್ತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ನೆನಪಿನ ಕಂಬ ಇವತ್ತಿಗೂ ಇದೆ. ನಮ್ಮ ಕಡೆಯ ಸವಾರರು ಹೈಫಾದಲ್ಲಿದ್ದ ಆ ತಿಂಗಳಲ್ಲೇ ಅಮೆರಿಕದ ಶಿಕಾಗೋ ನಗರದಲ್ಲಿ 16 ವರ್ಷದ ಹುಡುಗನೊಬ್ಬ ತನ್ನ ಹುಟ್ಟಿದ ವರ್ಷ ತಿದ್ದಿಕೊಂಡು ರೆಡ್ ಕ್ರಾಸ್ ಸೇರಿದ.

ರೆಡ್ ಕ್ರಾಸ್ ಬಗ್ಗೆಯೂ ಎರಡು ಮಾತು ಹೇಳಬೇಕು. 1859ರ ಜೂನ್‌ನಲ್ಲಿ ಇಟಲಿಯ ಸೊಲ್ಫೆರಿನೋ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಸ್ವಿಟ್ಜರ್‌ಲೆಂಡಿನ ವ್ಯಾಪಾರಿ ಹೆನ್ರಿ ಡ್ಯೂನಾ ತನ್ನ ಕೆಲಸದ ಮೇಲೆ ಆ ದಾರಿಯಲ್ಲಿ ಹೋಗುತ್ತಿದ್ದ. ಸಾವಿರಾರು ಗಾಯಾಳುಗಳು ನೀರು ಕೊಡುವವರಿಲ್ಲದೆ ಬಿದ್ದಿದ್ದರು. ಪಕ್ಕದ ಊರಿನ ಹೆಂಗಸರು ಇವರು ನಮ್ಮವರೋ ಶತ್ರುಗಳೋ ಎಂದು ನೋಡದೆ ಆರೈಕೆಗೆ ನಿಂತರು. ಡ್ಯೂನಾ ಅವರ ಜೊತೆ ಕೈಗೂಡಿಸಿದ. ಆ ಅನುಭವದಿಂದಲೇ 1863ರಲ್ಲಿ ಜಿನೀವಾದಲ್ಲಿ ರೆಡ್ ಕ್ರಾಸ್ ಹುಟ್ಟಿತು. ಗಾಯಾಳುವಿಗೆ ಪಕ್ಷವಿಲ್ಲ, ಅವನನ್ನು ನೋಡಿಕೊಳ್ಳುವವರ ಮೇಲೆ ಗುಂಡು ಹಾರಿಸಬಾರದು ಎಂಬ ಒಪ್ಪಂದ 1864ರಲ್ಲಿ ಆಯಿತು.

ಬರೀ ಸೈನ್ಯದವರೇ ಅಲ್ಲ, ಊರಿನ ಸಾಮಾನ್ಯ ಜನರೂ ಯುದ್ಧದಲ್ಲಿ ಜೀವ ಉಳಿಸಬಹುದು ಎಂಬ ಮಾತು ಅಲ್ಲಿಂದ ಬಂತು. ಮಕ್ಕಳ ಮನಸ್ಸಿಗೆ ನಾಟಿದ್ದೂ ಇದೇ ಮಾತು.

ಒಂದು ಅಂಕಿ, ಒಂದು ಸಹಿ

ವಾಲ್ಟ್ ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಶಿಕಾಗೋದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ಮನೆಯಲ್ಲಿ ನಾಲ್ಕು ಗಂಡುಮಕ್ಕಳು, ಕೊನೆಯವಳು ಹೆಣ್ಣುಮಗಳು. ವಾಲ್ಟ್ ಗಂಡುಮಕ್ಕಳಲ್ಲಿ ಕಿರಿಯವನು. ಅಣ್ಣಂದಿರಲ್ಲಿ ರಾಯ್ ನೌಕಾಪಡೆ ಸೇರಿದ್ದ. ಸಮವಸ್ತ್ರ ಹಾಕಿ ನಿಂತ ಅಣ್ಣನನ್ನು ನೋಡಿದ ಮೇಲೆ ತಮ್ಮನಿಗೆ ಮನೆಯಲ್ಲಿ ಕೂರಲು ಆಗಲಿಲ್ಲ. ಸೇನೆಗೆ ಹೋಗಿ ಕೇಳಿದ. ಇನ್ನೂ ಚಿಕ್ಕವನು ಎಂದು ವಾಪಸ್ ಕಳಿಸಿದರು.

ಅಂಚೆ ಕಚೇರಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ ಸುದ್ದಿ ತಂದ. ರೆಡ್ ಕ್ರಾಸ್‌ನವರು ಆಂಬುಲೆನ್ಸ್ ಓಡಿಸಲು ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ, ಅಲ್ಲಿ 17 ತುಂಬಿದ್ದರೆ ಸಾಕು ಎಂದ. ವಾಲ್ಟ್‌ಗೆ 16. ಅದೂ ಅಲ್ಲದೆ ಅಪ್ಪ ಅವ್ವ ಇಬ್ಬರ ಒಪ್ಪಿಗೆಯ ಸಹಿ ಬೇಕು.

ಅಪ್ಪ ಆಗುವುದಿಲ್ಲ ಎಂದ. ಇದಕ್ಕೆ ಸಹಿ ಹಾಕುವುದೂ ಒಂದೇ, ಮಗನ ಸಾವಿಗೆ ಸಹಿ ಹಾಕುವುದೂ ಒಂದೇ ಎಂಬುದು ಅವನ ಮಾತು. ಅವ್ವ ಬೇರೆ ಥರ ಯೋಚಿಸಿದಳು. ಮೊದಲ ಮೂವರು ಗಂಡುಮಕ್ಕಳೂ ಹೇಳದೆ ಕೇಳದೆ ರಾತ್ರೋರಾತ್ರಿ ಮನೆ ಬಿಟ್ಟು ಹೋದವರೇ. ಇವನೂ ಹಾಗೇ ಓಡಿಹೋದರೆ ಎಲ್ಲಿದ್ದಾನೆ ಎಂಬುದೂ ಗೊತ್ತಾಗುವುದಿಲ್ಲ. ಅದಕ್ಕಿಂತ ಸಹಿ ಹಾಕಿ ಕಳಿಸಿದರೆ ಮಗ ಎಲ್ಲಿದ್ದಾನೆ ಅಂತಲಾದರೂ ತಿಳಿದಿರುತ್ತದೆ. ಹೀಗೆ ಯೋಚಿಸಿ ತನ್ನ ಸಹಿ ಹಾಕಿದಳು, ಗಂಡನ ಹೆಸರನ್ನೂ ತಾನೇ ಬರೆದಳು. ಮಗ ಆ ಕಾಗದ ತೆಗೆದುಕೊಂಡು 1901 ಎಂದಿದ್ದನ್ನು 1900 ಎಂದು ತಿದ್ದಿದ.

ಇದು ಅಷ್ಟು ಸುಲಭಕ್ಕೆ ಹೇಗೆ ನಡೆಯಿತು ಎಂದು ನೀವು ಕೇಳಬಹುದು. ಆಗಿನ ಅಮೆರಿಕದಲ್ಲೂ ಹುಟ್ಟಿದ ಮಕ್ಕಳ ಲೆಕ್ಕ ಸರಿಯಾಗಿ ಇರಲಿಲ್ಲ. ಜನನ ನೋಂದಣಿಯನ್ನು ಒಂದು ಕ್ರಮಕ್ಕೆ ತರುವ ಕೆಲಸ ಅಲ್ಲಿ ದೇಶದ ಮಟ್ಟದಲ್ಲಿ ಶುರುವಾಗಿದ್ದೇ 1915ರಲ್ಲಿ. ಎಲ್ಲ ರಾಜ್ಯಗಳೂ ಅದರೊಳಗೆ ಬಂದಿದ್ದು 1933ಕ್ಕೆ. ನಮ್ಮಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಗಟ್ಟಿ ದಾಖಲೆ ಇಲ್ಲದ ಕಡೆ ತಾಯಿಯ ಮಾತೇ ದಾಖಲೆ. ತಾಯಿ ಹೂಂ ಎಂದರೆ ಮುಗಿಯಿತು.

ಗುಂಡಿಗಿಂತ ಮೊದಲು ಜ್ವರ

ತರಬೇತಿ ಶಿಬಿರ ಶಿಕಾಗೋದಲ್ಲೇ ಇತ್ತು. ಗಾಡಿ ಓಡಿಸುವುದು, ಕೆಟ್ಟರೆ ಬಿಚ್ಚಿ ಸರಿಮಾಡುವುದು, ಹಳ್ಳದಿಣ್ಣೆಗಳಲ್ಲಿ ದಾರಿ ಮಾಡಿಕೊಳ್ಳುವುದು, ಇವೇ ಪಾಠ. ಆದರೆ ವಾಲ್ಟ್‌ಗೆ ಮೊದಲು ಎದುರಾಗಿದ್ದು ಶತ್ರುವಿನ ಗುಂಡಲ್ಲ, 1918ರ ಇನ್‌ಫ್ಲುಯೆಂಜಾ. ಶಿಬಿರದಲ್ಲಿ ಮಲಗಿದ ಹುಡುಗನನ್ನು ಮನೆಗೆ ಕಳಿಸಿದರು. ಅವ್ವನೇ ಆರೈಕೆ ಮಾಡಿ ಉಳಿಸಿಕೊಂಡಳು.

ಆ ಜ್ವರ ನಮ್ಮ ಮನೆಗಳಿಗೂ ಬಂದಿತ್ತು. ಬೊಂಬಾಯಿ ಬಂದರಿನಿಂದ ಒಳಹೊಕ್ಕು ರೈಲು ದಾರಿ ಹಿಡಿದು ಹಳ್ಳಿಗಳಿಗೆ ಹಬ್ಬಿತು. ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಸತ್ತರು. ಆ ಯುದ್ಧದಲ್ಲಿ ಎಲ್ಲ ದೇಶಗಳಿಂದ ಸತ್ತ ಸೈನಿಕರ ಸಂಖ್ಯೆ ಸುಮಾರು ಒಂದು ಕೋಟಿ ಎನ್ನುತ್ತಾರೆ. ಅದರ ಪಕ್ಕದಲ್ಲಿ ಇಟ್ಟು ನೋಡಿದರೆ ಜ್ವರ ಎಷ್ಟು ದೊಡ್ಡದಿತ್ತು ಎಂಬುದು ಅರ್ಥವಾಗುತ್ತದೆ. ಕಿಕ್ಕಿರಿದ ಶಿಬಿರ, ಕಿಕ್ಕಿರಿದ ಹಡಗು, ಅದರೊಳಗೆ ಹದಿಹರೆಯದ ಹುಡುಗರು. ಅಪ್ಪ ಎಲಿಯಾಸ್‌ನ ಹೆದರಿಕೆ ಸುಳ್ಳೇನಾಗಿರಲಿಲ್ಲ.

ಗುಣವಾಗಿ ವಾಪಸ್ ಬರುವಷ್ಟರಲ್ಲಿ ಜೊತೆಯವರು ಮುಂದೆ ಹೋಗಿದ್ದರು. ವಾಲ್ಟ್‌ನನ್ನು ಬೇರೆ ತಂಡದ ಜೊತೆ ಕನೆಕ್ಟಿಕಟ್‌ನ ಶಿಬಿರಕ್ಕೆ ಹಾಕಿದರು. ಅಲ್ಲಿ ಅವನಿಗಿಂತ ಚಿಕ್ಕವನೊಬ್ಬ ಸಿಕ್ಕ. ಅವನೇ ರೇ ಕ್ರಾಕ್. 1902ರ ಅಕ್ಟೋಬರ್‌ನಲ್ಲಿ ಹುಟ್ಟಿದವನು, ಸೇರುವಾಗ 15. ಅವನೂ ವಯಸ್ಸಿನ ಬಗ್ಗೆ ಸುಳ್ಳು ಹೇಳಿಯೇ ಬಂದಿದ್ದ. ಮುಂದೆ ಕ್ರಾಕ್ ತನ್ನ ಆತ್ಮಕತೆಯಲ್ಲಿ ಈ ಡಿಸ್ನಿಯನ್ನು ನೆನೆಸಿಕೊಂಡಿದ್ದಾನೆ. ರಜೆ ಸಿಕ್ಕಾಗ ಉಳಿದವರೆಲ್ಲ ಪೇಟೆಗೆ ಹೋದರೆ ಇವನೊಬ್ಬ ಶಿಬಿರದಲ್ಲೇ ಕೂತು ಚಿತ್ರ ಬರೆಯುತ್ತಿದ್ದನಂತೆ.

ಅಷ್ಟರಲ್ಲಿ ನವೆಂಬರ್ 11 ಬಂತು, ಯುದ್ಧ ನಿಂತಿತು. ಕ್ರಾಕ್ ಹಡಗು ಹತ್ತಲೇ ಇಲ್ಲ, ಮನೆಗೆ ಹೋದ. ಡಿಸ್ನಿಯ ಹೆಸರು ಮಾತ್ರ ಹೋಗುವವರ ಪಟ್ಟಿಯಲ್ಲಿತ್ತು.

ಯುದ್ಧ ನಿಂತ ಮೇಲೆ ಏನು ಕೆಲಸ?

ಗುಂಡು ನಿಂತ ದಿನವೇ ಎಲ್ಲ ಮುಗಿಯುವುದಿಲ್ಲ. ಆಸ್ಪತ್ರೆಗಳಲ್ಲಿ ಗಾಯಾಳುಗಳು ಹಾಗೇ ಇರುತ್ತಾರೆ. ಮನೆ ಕಳಕೊಂಡ ಜನಕ್ಕೆ ಅನ್ನ, ಬಟ್ಟೆ, ಔಷಧಿ ಹೋಗಬೇಕು. ಫ್ರಾನ್ಸ್‌ನ ಉತ್ತರ ಭಾಗದಲ್ಲಿ ಊರಿಗೆ ಊರೇ ನೆಲಸಮ ಆಗಿತ್ತು. ವಾಲ್ಟ್ ತನ್ನ 17ನೇ ಹುಟ್ಟುಹಬ್ಬ ಕಂಡಿದ್ದು ಆ ಫ್ರಾನ್ಸ್‌ನಲ್ಲಿ. ರೆಡ್ ಕ್ರಾಸ್‌ನ ಆಂಬುಲೆನ್ಸ್, ಲಾರಿ, ಅಧಿಕಾರಿಗಳ ಕಾರು, ಯಾವುದು ಕೊಟ್ಟರೆ ಅದನ್ನು ಓಡಿಸಿದ. ಬಿಡುವಿನಲ್ಲಿ ಗಾಡಿಯ ಮೈಮೇಲೆ ಚಿತ್ರ ಬರೆದ.

ಒಂದು ಪ್ರಸಂಗವನ್ನು ಅವನು ಮುಂದೆಯೂ ಹೇಳಿಕೊಳ್ಳುತ್ತಿದ್ದ. ಚಳಿಗಾಲ. ಹುರುಳಿ ಜಾತಿಯ ಕಾಳು ಮತ್ತು ಸಕ್ಕರೆ ತುಂಬಿದ ಲಾರಿಯನ್ನು ಸ್ವಾಸೋಂ ಊರಿನ ಸಂತ್ರಸ್ತರಿಗೆ ಮುಟ್ಟಿಸಬೇಕಿತ್ತು. ದಾರಿಯಲ್ಲಿ ಲಾರಿ ಕೆಟ್ಟಿತು. ಜೊತೆಗಿದ್ದವನನ್ನು ಸಹಾಯ ತರಲು ಪ್ಯಾರಿಸ್‌ಗೆ ಕಳಿಸಿ, ತಾನು ಮಾಲು ಕಾಯುತ್ತ ಕೂತ. ಹೋದವನು ಅಲ್ಲಿ ಕುಡಿದು ಬಿದ್ದ. ಹಿಮ ಸುರಿಯುವ ದಾರಿಯಲ್ಲಿ ಈ ಹುಡುಗ ರೈಲ್ವೆ ಕಾವಲುಗಾರನ ಗುಡಿಸಲಲ್ಲಿ ಎರಡು ರಾತ್ರಿ ಕಾದ. ಆಮೇಲೆ ತಡೆಯಲಾರದೆ ಹತ್ತಿರದ ಊರಿಗೆ ಹೋಗಿ ಉಂಡು ಮಲಗಿದ. ಎದ್ದು ಬಂದು ನೋಡಿದರೆ ಲಾರಿಯೇ ಇಲ್ಲ! ಸಹಾಯಕ್ಕೆ ಬಂದವರು ಅದನ್ನು ತೆಗೆದುಕೊಂಡು ಹೋಗಿದ್ದರು. ಮಾಲು ಬಿಟ್ಟು ಹೋದ ತಪ್ಪಿಗೆ ವಿಚಾರಣೆ ನಡೆಯಿತು. ಎರಡು ರಾತ್ರಿ ಕಾದಿದ್ದ ಎಂಬುದನ್ನು ಒಬ್ಬರು ಎತ್ತಿ ಹೇಳಿದ್ದರಿಂದ ಪಾರಾದ.

ಇದನ್ನು ಓದಿ ನಗಬಹುದು. ಆದರೆ ಒಮ್ಮೆ ಯೋಚಿಸಿ. ಭಾಷೆ ಗೊತ್ತಿಲ್ಲದ ದೇಶ, ಹಿಮ, ಜೊತೆಗೆ ಯಾರೂ ಇಲ್ಲ, ನೂರಾರು ಜನರ ಅನ್ನದ ಜವಾಬ್ದಾರಿ, ವಯಸ್ಸು 17. ನಮ್ಮೂರಿನ ಲೆಕ್ಕದಲ್ಲಿ ಅದು ಪಿಯುಸಿ ಓದುವ ಹುಡುಗ. ಅವನ ಹೆಸರಿನ ಮುಂದೆ ಮುಂದೊಂದು ದಿನ ದೊಡ್ಡ ಕಂಪನಿ ಬಂತು ಎಂಬ ಕಾರಣಕ್ಕೆ ಆ ರಾತ್ರಿಗಳು ನಮಗೆ ತಮಾಷೆಯಾಗಿ ಕಾಣುತ್ತವೆ. ಆ ಹಿಮದಲ್ಲಿ ಅವನಿಗೆ ಹೆಚ್ಚುಕಡಿಮೆ ಆಗಿದ್ದರೆ ಅವ್ವ ಫ್ಲೋರಾ ಜೀವನಪೂರ್ತಿ ಆ ಸಹಿಯನ್ನು ನೆನೆಯುತ್ತ ಕೂರಬೇಕಿತ್ತು.

ಇನ್ನೊಬ್ಬ ಅಮೆರಿಕದ ಹುಡುಗನಿಗೆ ಹೆಚ್ಚುಕಡಿಮೆ ಆಗಿಯೇಬಿಟ್ಟಿತು. ಮುಂದೆ ದೊಡ್ಡ ಕಾದಂಬರಿಕಾರನಾದ ಅರ್ನೆಸ್ಟ್ ಹೆಮಿಂಗ್ವೇ 18ನೇ ವಯಸ್ಸಿಗೆ ರೆಡ್ ಕ್ರಾಸ್ ಸೇರಿ ಇಟಲಿಗೆ ಹೋಗಿದ್ದ. ಅವನು ವಯಸ್ಸಿನ ಸುಳ್ಳೇನೂ ಹೇಳಿರಲಿಲ್ಲ. 1918ರ ಜುಲೈ 8ರಂದು, 19 ತುಂಬಲು ಎರಡು ವಾರ ಇರುವಾಗ, ಸೈನಿಕರಿಗೆ ಚಾಕೊಲೇಟು ಸಿಗರೇಟು ಹಂಚಲು ಹೋದ ಜಾಗದಲ್ಲಿ ಶೆಲ್ ಬಿದ್ದು ಸಿಡಿಯಿತು. ಇನ್ನೂರಕ್ಕೂ ಹೆಚ್ಚು ಚೂರುಗಳು ಕಾಲಿಗೆ ಹೊಕ್ಕವು. ತಿಂಗಳುಗಟ್ಟಲೆ ಮಿಲಾನ್ ಆಸ್ಪತ್ರೆಯಲ್ಲಿದ್ದ. ತೋಳಿನ ಮೇಲೆ ರೆಡ್ ಕ್ರಾಸ್ ಪಟ್ಟಿ ಇದೆಯೋ ಇಲ್ಲವೋ ಎಂದು ಶೆಲ್ ನೋಡುವುದಿಲ್ಲ.

ನೆಲಮಾಳಿಗೆಯ ಹುಡುಗಿ

ಈಗ ಮೈರಿ ಚಿಸಮ್ ವಿಷಯಕ್ಕೆ ಬರೋಣ. ಸ್ಕಾಟ್ಲೆಂಡಿನ ಮನೆತನದ ಹುಡುಗಿ. 1896ರ ಫೆಬ್ರವರಿಯಲ್ಲಿ ಹುಟ್ಟಿದವಳು. ಮೋಟಾರ್ ಸೈಕಲ್ ಅಂದರೆ ಪ್ರಾಣ. ಹುಡುಗಿಯರು ಸೈಕಲ್ ತುಳಿದರೇ ಜನ ತಿರುಗಿ ನೋಡುತ್ತಿದ್ದ ಕಾಲದಲ್ಲಿ ಅವಳು ಮೋಟಾರ್ ಸೈಕಲ್ ಓಡಿಸಿ, ಬಿಚ್ಚಿ, ಜೋಡಿಸುತ್ತಿದ್ದಳು. ಅಪ್ಪನೇ ಕೊಡಿಸಿದ್ದ. ಆ ಹುಚ್ಚಿನಿಂದಲೇ ಎಲ್ಸಿ ನಾಕರ್ ಎಂಬ 30ರ ಹೆಂಗಸಿನ ಗೆಳೆತನವಾಯಿತು. ಎಲ್ಸಿ ತರಬೇತಾದ ನರ್ಸ್, ಒಂದು ಮಗುವಿನ ತಾಯಿ.

1914ರಲ್ಲಿ ಯುದ್ಧ ಶುರುವಾದಾಗ ಮೈರಿಗೆ 18. ಆಗಿನ ಬ್ರಿಟನ್ ಕಾನೂನಿನಲ್ಲಿ 21 ತುಂಬುವವರೆಗೆ ಮೈನರ್. ಸ್ವಯಂಸೇವಕಿ ನರ್ಸ್ ಆಗಿ ಹೊರದೇಶದ ಆಸ್ಪತ್ರೆಗೆ ಹೋಗಲು 23 ಆಗಿರಬೇಕಿತ್ತು. ಆ ಬಾಗಿಲಿನಿಂದ ಹೋಗಿದ್ದರೆ ಐದು ವರ್ಷ ಕಾಯಬೇಕಿತ್ತು. ಮಗಳು ಹೋಗುವುದು ತಾಯಿಗೆ ಇಷ್ಟವಿರಲಿಲ್ಲ. ಆದರೂ ಅವಳು ಎಲ್ಸಿ ಜೊತೆ ಲಂಡನ್‌ಗೆ ಹೋಗಿ, ಮೋಟಾರ್ ಸೈಕಲ್ ಮೇಲೆ ಸಂದೇಶ ಮುಟ್ಟಿಸುವ ಕೆಲಸ ಹಿಡಿದಳು. ಡಾಕ್ಟರ್ ಹೆಕ್ಟರ್ ಮನ್ರೋ ಎಂಬುವರು ಬೆಲ್ಜಿಯಂಗೆ ಒಂದು ಖಾಸಗಿ ಆಂಬುಲೆನ್ಸ್ ತಂಡ ಕಟ್ಟುತ್ತಿದ್ದರು. ಸಂದಿಗೊಂದಿಯಲ್ಲಿ ಗಾಡಿ ತಿರುಗಿಸುತ್ತಿದ್ದ ಇವಳನ್ನು ನೋಡಿ ಬರುತ್ತೀಯಾ ಎಂದು ಕೇಳಿದರು. 1914ರ ಸೆಪ್ಟೆಂಬರ್ ಕೊನೆಗೆ ತಂಡ ಬೆಲ್ಜಿಯಂನ ಓಸ್ಟೆಂಡ್ ಬಂದರಿನಲ್ಲಿ ಇಳಿಯಿತು.

ಅಲ್ಲಿ ಎಲ್ಸಿ ಒಂದು ವಿಷಯ ಗಮನಿಸಿದಳು. ಗಾಯಾಳುಗಳಲ್ಲಿ ಎಷ್ಟೋ ಜನ ಸಾಯುತ್ತಿದ್ದದ್ದು ಗಾಯದಿಂದಲ್ಲ, ದಾರಿಯಿಂದ. ಕಂದಕದಿಂದ ಎತ್ತಿ, ಶೆಲ್ ಬಿದ್ದು ಕಿತ್ತುಹೋದ ರಸ್ತೆಯಲ್ಲಿ ಮೈಲಿಗಟ್ಟಲೆ ಕುಲುಕಾಡಿಸಿ ಆಸ್ಪತ್ರೆಗೆ ತರುವಷ್ಟರಲ್ಲಿ ರಕ್ತ ಹೋಗಿ, ಮೈ ತಣ್ಣಗಾಗಿ, ಆಘಾತಕ್ಕೆ ಪ್ರಾಣ ಹೋಗುತ್ತಿತ್ತು. ಮೊದಲು ಅಲ್ಲೇ ಪಟ್ಟಿ ಕಟ್ಟಿ, ಬೆಚ್ಚಗೆ ಮಲಗಿಸಿ, ಬಿಸಿ ಕುಡಿಸಿ, ಚೇತರಿಸಿಕೊಂಡ ಮೇಲೆ ಕಳಿಸಿದರೆ ಬದುಕುತ್ತಾರೆ ಎಂದು ಅವಳ ಲೆಕ್ಕ.

ಆ ವರ್ಷದ ನವೆಂಬರ್‌ನಲ್ಲಿ ಇಬ್ಬರೂ ದೊಡ್ಡ ತಂಡ ಬಿಟ್ಟು ಪರ್ವೈಸ್ ಎಂಬ ಹಾಳುಬಿದ್ದ ಹಳ್ಳಿಗೆ ಹೋದರು. ಕಂದಕದ ಸಾಲಿನಿಂದ ಕೂಗಳತೆ ದೂರದಲ್ಲಿ ಒಂದು ಮನೆಯ ನೆಲಮಾಳಿಗೆ. ತಲೆ ಎತ್ತಿ ನಿಂತರೆ ಮಾಡು ತಾಗುವಷ್ಟು ತಗ್ಗು. ಹುಲ್ಲಿನ ಹಾಸಿಗೆ. ಅಲ್ಲೇ ಗಾಯಾಳುಗಳಿಗೆ ಪಟ್ಟಿ ಕಟ್ಟುವುದು, ಅಲ್ಲೇ ಸೈನಿಕರಿಗೆ ಸೂಪು, ಬಿಸಿ ಕೋಕೋ ಮಾಡಿ ಕೊಡುವುದು, ಅಲ್ಲೇ ಮಲಗುವುದು. ರಾತ್ರಿ ಗಾಯಾಳುಗಳನ್ನು ತುಂಬಿಕೊಂಡು ದೀಪ ಹಚ್ಚದೆ ಗಾಡಿ ಓಡಿಸುವ ಕೆಲಸ ಮೈರಿಯದು. ದೀಪ ಹಚ್ಚಿದರೆ ಶತ್ರುವಿಗೆ ಗುರಿ ಸಿಗುತ್ತದೆ. ಸಂಬಳ ಇರಲಿಲ್ಲ. ಹಣ ಮುಗಿದಾಗ ಊರಿಗೆ ಹೋಗಿ ಸಭೆಗಳಲ್ಲಿ ಮಾತಾಡಿ ಚಂದಾ ಎತ್ತಿಕೊಂಡು ಬರುತ್ತಿದ್ದರು.

1915ರಲ್ಲಿ ಬೆಲ್ಜಿಯಂನ ರಾಜ ಆಲ್ಬರ್ಟ್ ಇಬ್ಬರಿಗೂ ಪದಕ ಕೊಟ್ಟ. ಗುಂಡಿನ ನಡುವೆ ಗಾಯಾಳುವನ್ನು ಹೊತ್ತು ತಂದದ್ದಕ್ಕೆ 1917ರಲ್ಲಿ ಬ್ರಿಟನ್‌ನಿಂದ ಮಿಲಿಟರಿ ಮೆಡಲ್ ಬಂತು. 1918ರಲ್ಲಿ ವಿಷಾನಿಲದ ದಾಳಿ ಆಯಿತು. ಎಲ್ಸಿ ಮೊದಲು, ಆಮೇಲೆ ಮೈರಿ ಊರಿಗೆ ಮರಳಬೇಕಾಯಿತು. ಆಗ ಮೈರಿಗೆ 22. ಯುದ್ಧ ಅವಳ ಆರೋಗ್ಯ ತಿಂದಿತ್ತು. ಮುಂದೆ ಸ್ಕಾಟ್ಲೆಂಡಿನಲ್ಲಿ ಕೋಳಿ ಸಾಕಿಕೊಂಡು ಬದುಕಿದಳು. ಮದುವೆಯಾಗಲಿಲ್ಲ. 1981ರಲ್ಲಿ ತೀರಿಕೊಂಡಳು.

ಎಲ್ಸಿಯ ಆ ಲೆಕ್ಕ ನಮಗೂ ಬೇಕಾದದ್ದು. 2008ರಲ್ಲಿ ಕರ್ನಾಟಕದಲ್ಲಿ 108 ಆಂಬುಲೆನ್ಸ್ ಶುರುವಾಯಿತಲ್ಲ, ಅದರೊಳಗೆ ಬರೀ ಚಾಲಕ ಇರುವುದಿಲ್ಲ, ತರಬೇತಾದ ಶುಶ್ರೂಷಕರೂ ಇರುತ್ತಾರೆ. ಆಸ್ಪತ್ರೆ ಮುಟ್ಟುವ ತನಕ ಕಾಯದೆ, ಸಿಕ್ಕ ಜಾಗದಲ್ಲೇ ಆರೈಕೆ ಶುರುಮಾಡಬೇಕು ಎಂಬುದೇ ಅದರ ಹಿಂದಿನ ತಿಳುವಳಿಕೆ. ಹದಗೆಟ್ಟ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಬಸುರಿಯನ್ನು ಕರೆದುಕೊಂಡು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲಿ ಕೂತು ಮಾಡುವ ಕೆಲಸ

ಮಕ್ಕಳನ್ನು ಯುದ್ಧಭೂಮಿಗೆ ಕಳಿಸದೆ ಸೇವೆಗೆ ಹಚ್ಚುವ ದಾರಿಯೂ ಆಗಲೇ ಇತ್ತು. ಅಮೆರಿಕದಲ್ಲಿ 1917ರ ಸೆಪ್ಟೆಂಬರ್‌ನಲ್ಲಿ ಜೂನಿಯರ್ ರೆಡ್ ಕ್ರಾಸ್ ಶುರುವಾಯಿತು. ಶಾಲೆಯ ಮಕ್ಕಳು ಗಾಯದ ಪಟ್ಟಿ ಸುತ್ತಿದರು, ಉಣ್ಣೆ ಬಟ್ಟೆ ಹೆಣೆದರು, ಚಿಲ್ಲರೆ ಕಾಸು ಕೂಡಿಸಿದರು. ಈ ಕೆಲಸಕ್ಕೆ ಪದಕ ಬರಲಿಲ್ಲ, ಸಿನಿಮಾ ಆಗಲಿಲ್ಲ. ಆದರೆ ಆ ಪಟ್ಟಿಗಳು ಯಾರದೋ ಗಾಯಕ್ಕೆ ಸುತ್ತಿಕೊಂಡವು.

ನಮ್ಮ ಭಾರತೀಯ ರೆಡ್ ಕ್ರಾಸ್ ಸೊಸೈಟಿ ಕಾಯ್ದೆಯಾಗಿ ಬಂದಿದ್ದು 1920ರಲ್ಲಿ. ಇವತ್ತು ನಮ್ಮ ಹೈಸ್ಕೂಲುಗಳಲ್ಲಿ ಜೂನಿಯರ್ ರೆಡ್ ಕ್ರಾಸ್, ಕಾಲೇಜುಗಳಲ್ಲಿ ಯೂತ್ ರೆಡ್ ಕ್ರಾಸ್ ಘಟಕಗಳಿವೆ. ನಮಗೂ ಫೀಸಿನ ರಸೀತಿಯಲ್ಲಿ ಆ ಹೆಸರು ಓದಿದ ನೆನಪಿದೆ. ಆದರೆ ಮೂಳೆ ಮುರಿದರೆ ಹೇಗೆ ಕಟ್ಟಬೇಕು, ರಕ್ತ ಸುರಿದರೆ ಎಲ್ಲಿ ಒತ್ತಿ ಹಿಡಿಯಬೇಕು ಎಂದು ನಮಗೆ ಯಾರೂ ಕಲಿಸಲಿಲ್ಲ.

ಈಗ ಕಾನೂನು ಏನು ಹೇಳುತ್ತದೆ?

ಆ ಯುದ್ಧ ಮುಗಿದು ಬಹಳ ವರ್ಷ ಆದಮೇಲೆ ಜಗತ್ತು ಮಕ್ಕಳ ವಯಸ್ಸಿನ ಬಗ್ಗೆ ಗೆರೆ ಎಳೆಯಿತು. 1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಕಟ್ಟಳೆಗಳ ಪ್ರಕಾರ 15 ತುಂಬದವರನ್ನು ಸೇನೆಗೆ ಸೇರಿಸಿಕೊಳ್ಳುವಂತಿಲ್ಲ. 2000ದಲ್ಲಿ ವಿಶ್ವಸಂಸ್ಥೆಯಲ್ಲಿ ಆದ ಇನ್ನೊಂದು ಒಪ್ಪಂದ, 18 ಆಗದವರು ನೇರವಾಗಿ ಕಾಳಗದಲ್ಲಿ ಇಳಿಯದಂತೆ ಸರಕಾರಗಳು ನೋಡಿಕೊಳ್ಳಬೇಕು ಎಂದಿತು. ಭಾರತ ಅದನ್ನು 2005ರಲ್ಲಿ ಒಪ್ಪಿಕೊಂಡಿತು.

ಇವು ಮುಖ್ಯವಾಗಿ ಸೈನಿಕರ ಮಾತು. ಆದರೆ ಸೇವೆ ಎಂಬ ಹೆಸರಿನಲ್ಲೂ ಮಕ್ಕಳು ಅಪಾಯಕ್ಕೆ ಹೋಗುತ್ತಾರೆ, ಅಲ್ಲಿ ಬಾಗಿಲು ಇನ್ನೂ ಸಡಿಲ. ಕೆಟ್ಟ ಕೆಲಸಕ್ಕೆ ಹೊರಟ ಹುಡುಗನನ್ನು ಊರೆಲ್ಲ ಸೇರಿ ತಡೆಯುತ್ತದೆ. ಒಳ್ಳೆ ಕೆಲಸಕ್ಕೆ ಹೊರಟವನಿಗೆ ಬೇಡಪ್ಪಾ ಎಂದು ಹೇಳುವುದು ಕಷ್ಟ.

ನಮ್ಮಲ್ಲೇ ನಡೆದ ಜಗಳ

ಈ ಲೇಖನ ಬರೆಯುವಾಗ ನಮ್ಮ ಬಳಗದಲ್ಲೇ ವಾದವಾಯಿತು. 2021ರ ಮೇ ತಿಂಗಳ ಕೊರೊನಾ ಎರಡನೇ ಅಲೆ ನಿಮಗೆ ನೆನಪಿರಬೇಕು. ಕಾಲೇಜು ಮುಚ್ಚಿತ್ತು. ನಮ್ಮಲ್ಲೊಬ್ಬರ ತಮ್ಮ, ಆಗ 17, ಪಕ್ಕದ ಮನೆಯ ಓಮ್ನಿ ಗಾಡಿಯಲ್ಲಿ ಜ್ವರದವರನ್ನು ತಾಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುತ್ತಿದ್ದ. ಲೈಸೆನ್ಸ್ ಇರಲಿಲ್ಲ, ಆಗುವ ವಯಸ್ಸೂ ಅಲ್ಲ. ಯಾರೂ ಕೇಳಲಿಲ್ಲ. ಬೇರೆ ಗಾಡಿ ಸಿಗುತ್ತಿರಲಿಲ್ಲ, ದೊಡ್ಡವರು ಹತ್ತಿರ ಬರಲು ಹೆದರುತ್ತಿದ್ದರು. ಎರಡು ವಾರಕ್ಕೆ ಅವನಿಗೇ ಜ್ವರ ಬಂತು. ಅವನಿಂದ ಮನೆಯಲ್ಲಿದ್ದ ಅಜ್ಜಿಗೂ ಬಂತು. ಇಬ್ಬರೂ ಉಳಿದರು. ಆದರೆ ಅಜ್ಜಿ ಹದಿನೆಂಟು ದಿನ ಆಮ್ಲಜನಕದ ಮೇಲಿದ್ದರು. ಆ ಹದಿನೆಂಟು ದಿನ ಅವನು ಯಾರ ಮುಖವನ್ನೂ ಎತ್ತಿ ನೋಡಲಿಲ್ಲ.

ಆ ಹುಡುಗ ಮಾಡಿದ್ದು ಸರಿಯಾ? ನಮ್ಮಲ್ಲಿ ಕೆಲವರು ಸರಿ ಎಂದರು. ಅವನು ಗಾಡಿ ತೆಗೆಯದಿದ್ದರೆ ಇಬ್ಬರಾದರೂ ದಾರಿಯಲ್ಲೇ ಹೋಗುತ್ತಿದ್ದರು. ಇನ್ನು ಕೆಲವರು ತಪ್ಪು ಎಂದರು. ಅವನದಲ್ಲ, ಊರಿನ ದೊಡ್ಡವರ ತಪ್ಪು. ಅವನ ಅಕ್ಕ, ಅಂದರೆ ನಮ್ಮ ಬಳಗದವಳು, ಇಷ್ಟೇ ಹೇಳಿದಳು: “ಅವನು ಹೋಗೋದು ನಮ್ಮವ್ವಗೆ ಗೊತ್ತಿತ್ತು. ಬೇಡ ಅಂದ್ರೆ ಕದ್ದು ಹೋಗ್ತಾನೆ ಅಂತ ಸುಮ್ನಿದ್ಲು. ದಿನಾ ರಾತ್ರಿ ಬಾಗಿಲಲ್ಲಿ ಬಿಸಿನೀರು ಇಟ್ಕೊಂಡು ಕಾಯ್ತಿದ್ಲು.”

ಫ್ಲೋರಾ ಡಿಸ್ನಿ ಮಾಡಿದ್ದೂ ಅದನ್ನೇ ಅಲ್ಲವೇ? ನೂರು ವರ್ಷದ ಅಂತರ, ಸಾವಿರಾರು ಮೈಲಿ ದೂರ. ತಾಯಿಯ ಲೆಕ್ಕ ಮಾತ್ರ ಒಂದೇ. ತಡೆದರೆ ಮಗ ಕಣ್ಣಿಂದ ಮರೆಯಾಗುತ್ತಾನೆ, ಬಿಟ್ಟರೆ ಕಣ್ಣಿಗಾದರೂ ಕಾಣುತ್ತಾನೆ.

ಕೊನೆಗೆ ನಾವು ಒಂದು ಮಾತಿಗೆ ಒಪ್ಪಿದೆವು. ಹದಿಹರೆಯದವರಿಗೆ ಕಷ್ಟದಲ್ಲಿರುವವರನ್ನು ನೋಡಿ ಸುಮ್ಮನಿರಲು ಆಗುವುದಿಲ್ಲ. ಅದು ಆ ವಯಸ್ಸಿನ ದೊಡ್ಡ ಗುಣ, ಅದನ್ನು ಬೈದು ಕೊಲ್ಲಬಾರದು. ಆದರೆ ಆ ಗುಣವನ್ನು ನಂಬಿಕೊಂಡು ದೊಡ್ಡವರು ಹಿಂದೆ ಸರಿಯುವುದೂ ನ್ಯಾಯವಲ್ಲ. ಶಿಕಾಗೋದ ಕಚೇರಿಯಲ್ಲಿ ಕಾಗದ ನೋಡಿದವನಿಗೆ ಎದುರು ನಿಂತವನ ಮುಖವೂ ಕಾಣುತ್ತಿತ್ತು. ಮೀಸೆ ಮೂಡದ ಮುಖ. ಆದರೂ ಚಾಲಕರು ಬೇಕಿತ್ತು, ಮುದ್ರೆ ಒತ್ತಿದ. ಸುಳ್ಳು ಹುಡುಗನದು ಮಾತ್ರ ಆಗಿರಲಿಲ್ಲ. ಅದನ್ನು ನಂಬಿದಂತೆ ನಟಿಸಿದವರದ್ದೂ ಆಗಿತ್ತು.

ಮತ್ತೊಂದು ಮಾತು. ಡಿಸ್ನಿ, ಕ್ರಾಕ್ ಇಬ್ಬರೂ ಹೈಸ್ಕೂಲು ಮುಗಿಸಲಿಲ್ಲ. ಅವರು ದೊಡ್ಡವರಾದರು, ಅದಕ್ಕೆ ಅವರ ಹೆಸರು ನಮಗೆ ಗೊತ್ತು. ಅವರಂತೆಯೇ ಶಾಲೆ ಬಿಟ್ಟು ಹೋಗಿ, ಜ್ವರಕ್ಕೋ ಶೆಲ್‌ಗೋ ಸಿಕ್ಕವರ ಹೆಸರು ಯಾವ ಮೊಬೈಲಿನಲ್ಲೂ ಬರುವುದಿಲ್ಲ. ಗೆದ್ದು ಬಂದವರ ಕತೆ ಮಾತ್ರ ಹೇಳಿ ಮಕ್ಕಳನ್ನು ಹುರಿದುಂಬಿಸುವುದು ಸುಲಭ. ನಾವು ಹಾಗೆ ಮಾಡಬಾರದು ಎಂದೇ ಹಿಮದ ರಾತ್ರಿ, ಶೆಲ್ಲಿನ ಚೂರು, ವಿಷಾನಿಲ ಎಲ್ಲವನ್ನೂ ಬರೆದೆವು.

ನಿಮ್ಮ ಮನೆಯಲ್ಲಿ 16–17ರ ಮಕ್ಕಳಿದ್ದರೆ ಒಂದು ಕೆಲಸ ಮಾಡಿ. ಶಾಲೆಯಲ್ಲಿ ಜೂನಿಯರ್ ರೆಡ್ ಕ್ರಾಸ್ ಘಟಕ ಇದೆಯೇ, ಇದ್ದರೆ ಪ್ರಥಮ ಚಿಕಿತ್ಸೆ ಕಲಿಸುತ್ತಾರೆಯೇ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ. ಹೊಳೆ ಬಂದಾಗಲೋ ರೋಗ ಬಂದಾಗಲೋ ನಮ್ಮ ಮಕ್ಕಳು ಹೇಗಿದ್ದರೂ ಓಡುತ್ತಾರೆ. ಓಡುವ ಮೊದಲು ಕೈಗೆ ಕೆಲಸ ಗೊತ್ತಿರಲಿ, ಜೊತೆಗೆ ಒಬ್ಬ ದೊಡ್ಡವರಿರಲಿ.

ನಿಮ್ಮೂರಿನಲ್ಲೂ ಇಂಥ ಹುಡುಗ ಹುಡುಗಿಯರು ಇದ್ದಿರಬಹುದು. ಬರಗಾಲದಲ್ಲಿ, ನೆರೆಯಲ್ಲಿ, ಪ್ಲೇಗಿನ ಕಾಲದಲ್ಲಿ ವಯಸ್ಸು ನೋಡದೆ ನಿಂತವರು. ಅಜ್ಜ ಅಜ್ಜಿಯರನ್ನು ಕೇಳಿ ನೋಡಿ, ನಮಗೂ ಬರೆದು ತಿಳಿಸಿ. ಅವರ ಹುಟ್ಟಿದ ದಿನ ಜೂನ್ 1 ಎಂದೇ ಇದ್ದರೂ ಪರವಾಗಿಲ್ಲ.